ಚಲನೆ, ದೇಹ, ಯಂತ್ರ: ಮರ್ಸ್ ಕನ್ನಿಂಗ್‌ಹ್ಯಾಮನ ನೃತ್ಯಕೃತಿಗಳ ಒಂದು ಐತಿಹಾಸಿಕ ಪರ್ಯಾಲೋಚನೆ

ಇತಿಹಾಸಕಾರನು ಉಳಿದುಬಂದ ವಸ್ತುಗಳನ್ನು ಆಧಾರವಾಗಿಟ್ಟುಕೊಂಡು ತನ್ನ ಕೆಲಸವನ್ನು ನಡೆಸುತ್ತಾನೆ. ಶಾಸನ, ನಾಣ್ಯ, ಕಡತ, ಕಟ್ಟಡ, ಇವುಗಳಲ್ಲಿ ಯಾವುದಾದರೊಂದು ಕೈಗೆ ಸಿಕ್ಕಿದರೆ ಅಲ್ಲಿಂದ ಹಿಂದಕ್ಕೆ ನಡೆಯಲು ದಾರಿಯುಂಟು. ನೃತ್ಯದ ವಿಷಯದಲ್ಲಿ ಈ ಸೌಕರ್ಯವು ಬಹುಮಟ್ಟಿಗೆ ಇಲ್ಲ. ಕವಿ ತೀರಿಕೊಂಡ ಮೇಲೆ ಕಾವ್ಯ ಉಳಿಯುತ್ತದೆ. ಶಿಲ್ಪಿ ತೀರಿಕೊಂಡ ಮೇಲೆ ವಿಗ್ರಹ ಉಳಿಯುತ್ತದೆ. ನರ್ತಕನಾದರೋ ರಂಗದಿಂದ ಇಳಿದೊಡನೆ ಅವನ ಕೃತಿಯೂ ಇಳಿದುಹೋಗುತ್ತದೆ. ಬೇಲೂರಿನ ಮದನಿಕೆಯರು ಇಂದಿಗೂ ನಿಂತಿದ್ದಾರೆ. ಆದರೆ ಅವರು ನಮಗೆ ತೋರಿಸುವುದು ಭಂಗಿಯನ್ನು ಮಾತ್ರ. ಆ ಭಂಗಿಗೆ ಮೊದಲಿನ ಹೆಜ್ಜೆಯನ್ನಾಗಲಿ, ಅನಂತರದ ಹೆಜ್ಜೆಯನ್ನಾಗಲಿ ಕಲ್ಲು ಹೇಳಲಾರದು.

ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗಣಕಯಂತ್ರವು ನೃತ್ಯರಂಗವನ್ನು ಪ್ರವೇಶಿಸಿದಾಗ ಈ ಪರಿಸ್ಥಿತಿ ಬದಲಾಯಿತೆಂಬ ಅಭಿಪ್ರಾಯವುಂಟು. ಯಂತ್ರವು ಹೊರಗಿನಿಂದ ಬಂದು ಒಂದು ಪ್ರಾಚೀನ ಕಲೆಯನ್ನು ಒಮ್ಮೆಗೇ ತಲೆಕೆಳಗು ಮಾಡಿತೆಂದು ಕೆಲವರು ಹರ್ಷಪಡುತ್ತಾರೆ, ಕೆಲವರು ವಿಷಾದಪಡುತ್ತಾರೆ. ಈ ಎರಡು ಪಕ್ಷಗಳೂ ಘಟನೆಗಳ ಅನುಕ್ರಮವನ್ನು ಸಾಕಷ್ಟು ಗಮನಿಸಿಲ್ಲವೆಂಬುದು ನಮ್ಮ ಅಭಿಪ್ರಾಯ. ಅಮೆರಿಕದ ನೃತ್ಯಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮನ (1919–2009) ಕಾರ್ಯವನ್ನು ಆಧಾರವಾಗಿಟ್ಟುಕೊಂಡು ಈ ಲೇಖನದಲ್ಲಿ ಎರಡು ವಿಷಯಗಳನ್ನು ಪ್ರತಿಪಾದಿಸುತ್ತೇವೆ. ಮೊದಲನೆಯದು, ಗಣಕಯಂತ್ರವು ಮಾಡಿದ ಮುಖ್ಯ ಕೆಲಸವೆಂದರೆ ಚಲನೆಯನ್ನು ದೇಹದಿಂದ ಬೇರ್ಪಡಿಸಿದ್ದು. ಇಂಥ ಬೇರ್ಪಡಿಕೆಯನ್ನು ಕನ್ನಿಂಗ್‌ಹ್ಯಾಮನು ಯಂತ್ರದ ನೆರವಿಲ್ಲದೆಯೇ ಹಲವು ದಶಕಗಳಿಂದ ಅಭ್ಯಾಸ ಮಾಡುತ್ತಿದ್ದನು. ಎರಡನೆಯದು, ಬೇರ್ಪಟ್ಟ ಚಲನೆಯು ದಾಖಲೆಯಾಗಿ ಉಳಿಯಬಲ್ಲದೇ ಹೊರತು ನೃತ್ಯವಾಗಿ ಉಳಿಯಲಾರದು. ನೃತ್ಯವಾಗಬೇಕಾದರೆ ಅದು ಮತ್ತೆ ದೇಹವನ್ನು ಸೇರಲೇಬೇಕು.

1. ಪೂರ್ವಪೀಠಿಕೆ

ಚಲನೆಯನ್ನು ದೇಹದಿಂದ ಬಿಡಿಸಿ ನೋಡುವ ಆಸೆಯು ಗಣಕಯಂತ್ರಕ್ಕಿಂತ ಹಳೆಯದು. 1880ರ ದಶಕದಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಎಟಿಯೆನ್ ಜೂಲ್ ಮರೇ ಎಂಬಾತನು ಮನುಷ್ಯನ ನಡಿಗೆಯನ್ನು ಅಭ್ಯಸಿಸಲು ಒಂದು ಉಪಾಯವನ್ನು ಹೂಡಿದನು. ನಡೆಯುವವನಿಗೆ ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪನ್ನು ತೊಡಿಸಿ, ಕೈಕಾಲುಗಳ ಉದ್ದಕ್ಕೂ ಬಿಳಿಯ ಪಟ್ಟಿಗಳನ್ನು ಹೊಂದಿಸಿ, ಕಪ್ಪು ಗೋಡೆಯ ಮುಂದೆ ನಡೆಸಿ, ಒಂದೇ ಫಲಕದ ಮೇಲೆ ಕ್ಷಣಕ್ಷಣದ ಛಾಯೆಯನ್ನು ತೆಗೆದನು. ಆ ಚಿತ್ರಗಳಲ್ಲಿ ಮನುಷ್ಯನು ಮಾಯವಾಗಿ ಗೆರೆಗಳು ಮಾತ್ರ ನಿಂತವು. ನೂರು ವರ್ಷಗಳ ಮೇಲೆ ನಾವು ಕಾಣಲಿರುವ ಚಲನಗ್ರಹಣಕ್ಕೆ ಇದು ಪೂರ್ವಜವೆನ್ನಬಹುದು.

ಮರೇಯದು ವಿಜ್ಞಾನಿಯ ಕುತೂಹಲ. ಇದಾದ ಸ್ವಲ್ಪ ಕಾಲಕ್ಕೆ ಅಮೆರಿಕದಲ್ಲಿ ಜನಿಸಿದ ಲೋಯಿ ಫುಲರ್ (1862–1928) ಎಂಬಾಕೆ ರಂಗದ ಮೇಲೆಯೇ ಇದಕ್ಕೆ ಸಮೀಪವಾದ ಪರಿಣಾಮವನ್ನು ಸಾಧಿಸಿದಳು. ಗಜಗಟ್ಟಲೆ ರೇಷ್ಮೆಯನ್ನು ಉಟ್ಟು, ಬಟ್ಟೆಯೊಳಗೆ ಕೋಲುಗಳನ್ನು ಹಿಡಿದು ಬೀಸುತ್ತ, ಅದರ ಮೇಲೆ ಬಣ್ಣಬಣ್ಣದ ವಿದ್ಯುದ್ದೀಪಗಳ ಬೆಳಕನ್ನು ಬೀಳಿಸಿಕೊಂಡು ಆಕೆ ಕುಣಿಯುತ್ತಿದ್ದಳು. 1892ರಲ್ಲಿ ಪ್ಯಾರಿಸ್ಸಿನ ಫೋಲಿ ಬೆರ್ಜೇರ್ ರಂಗಮಂದಿರದಲ್ಲಿ ನೋಡಿದವರ ಕಣ್ಣಿಗೆ ನರ್ತಕಿಯ ದೇಹಕ್ಕಿಂತ ಅಲೆ, ಜ್ವಾಲೆ, ಹೂವುಗಳಂತೆ ಬದಲಾಗುವ ಬೆಳಕೇ ಹೆಚ್ಚಾಗಿ ಕಂಡಿತು. ತನ್ನ ಉಡುಪಿಗೂ ರಂಗಸಾಧನಗಳಿಗೂ ಆಕೆ 1890ರ ದಶಕದಲ್ಲಿ ಪೇಟೆಂಟುಗಳನ್ನು ಪಡೆದಳು. ಆದರೆ ಅದೇ 1892ರಲ್ಲಿ ತನ್ನ ನೃತ್ಯವನ್ನು ಇನ್ನೊಬ್ಬಳು ಅನುಕರಿಸುವುದನ್ನು ತಡೆಯಬೇಕೆಂದು ನ್ಯೂಯಾರ್ಕಿನ ನ್ಯಾಯಾಲಯದ ಮೊರೆಹೊಕ್ಕಾಗ ಆಕೆಗೆ ಜಯ ದೊರೆಯಲಿಲ್ಲ. ಕಥೆಯನ್ನು ಹೇಳದ, ಪಾತ್ರವನ್ನು ಚಿತ್ರಿಸದ ನೃತ್ಯವು ನಾಟಕಕೃತಿಯೆನಿಸಲಾರದಾದ್ದರಿಂದ ಅದಕ್ಕೆ ಕೃತಿಸ್ವಾಮ್ಯವಿಲ್ಲವೆಂಬುದು ನ್ಯಾಯಾಲಯದ ತೀರ್ಮಾನ. ಯಂತ್ರದ ಮೇಲೆ ಹಕ್ಕು ಸಿಕ್ಕಿತು. ಚಲನೆಯ ಮೇಲೆ ಸಿಗಲಿಲ್ಲ. ಈ ವಿಚಿತ್ರವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

2. ಯಂತ್ರಕ್ಕೆ ಮೊದಲಿನ ಬೇರ್ಪಡಿಕೆ

ಕನ್ನಿಂಗ್‌ಹ್ಯಾಮನು ವಾಷಿಂಗ್‌ಟನ್ ರಾಜ್ಯದ ಸೆಂಟ್ರೇಲಿಯ ಎಂಬ ಊರಿನಲ್ಲಿ ಜನಿಸಿ, ಸಿಯಾಟಲ್ ನಗರದ ಕಾರ್ನಿಷ್ ಶಾಲೆಯಲ್ಲಿ ವಿದ್ಯಾಭ್ಯಾಸ ಮಾಡಿದನು. ಸಂಗೀತಕಾರ ಜಾನ್ ಕೇಜನ ಪರಿಚಯವು ಅವನಿಗೆ ಅಲ್ಲಿಯೇ ಆಯಿತು. 1939ರಿಂದ 1945ರವರೆಗೆ ಮಾರ್ಥಾ ಗ್ರಹಾಮಳ ತಂಡದಲ್ಲಿ ನರ್ತಿಸಿ, 1953ರಲ್ಲಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ತನ್ನದೇ ತಂಡವನ್ನು ಕಟ್ಟಿದನು. ಗ್ರಹಾಮಳ ನೃತ್ಯದಲ್ಲಿ ಕಥೆಯೂ ಭಾವವೂ ಸಂಗೀತವೂ ಒಂದನ್ನೊಂದು ಆಶ್ರಯಿಸಿದ್ದವು. ಶಿಷ್ಯನು ಹಿಡಿದ ದಾರಿ ಇದಕ್ಕೆ ತೀರ ವಿರುದ್ಧವಾದದ್ದು. ಕನ್ನಿಂಗ್‌ಹ್ಯಾಮನ ಕೃತಿಗಳಲ್ಲಿ ಸಂಗೀತಕ್ಕೂ ನೃತ್ಯಕ್ಕೂ ಸಾಮಾನ್ಯವಾದದ್ದು ಕಾಲಾವಧಿಯೊಂದೇ. ಎರಡೂ ಬೇರೆಬೇರೆಯಾಗಿ ಸಿದ್ಧವಾಗಿ, ಅನೇಕ ವೇಳೆ ಮೊದಲ ಪ್ರದರ್ಶನದ ದಿನವೇ ಒಂದನ್ನೊಂದು ಸಂಧಿಸುತ್ತಿದ್ದವು.

ಈ ಪರಿವರ್ತನೆಯಲ್ಲಿ ಭಾರತೀಯ ಚಿಂತನೆಗೂ ಒಂದು ಪಾಲುಂಟೆಂಬುದು ನಮಗೆ ವಿಶೇಷ ಆಸಕ್ತಿಯ ವಿಷಯ. ಅಹಮದಾಬಾದಿನ ಗೀತಾ ಸಾರಾಭಾಯಿಯವರು 1946ರ ಸುಮಾರಿನಲ್ಲಿ ನ್ಯೂಯಾರ್ಕಿಗೆ ಹೋಗಿ ಕೇಜನಿಂದ ಪಾಶ್ಚಾತ್ಯ ಸಂಗೀತವನ್ನು ಕಲಿತು, ಅವನಿಗೆ ನಮ್ಮ ಸಂಗೀತದ ತತ್ತ್ವವನ್ನು ತಿಳಿಸಿದರು. ಕೇಜನು ಆನಂದ ಕುಮಾರಸ್ವಾಮಿಯವರ ಗ್ರಂಥಗಳನ್ನೂ ಓದಿದನು. ಇದರ ಫಲವಾಗಿ 1951ರಲ್ಲಿ ಕನ್ನಿಂಗ್‌ಹ್ಯಾಮನು ಕೇಜನ ಸಂಗೀತದೊಡನೆ ರಚಿಸಿದ ‘ಸಿಕ್ಸ್‌ಟೀನ್ ಡ್ಯಾನ್ಸಸ್’ ಎಂಬ ಕೃತಿಯಲ್ಲಿ ಕ್ರೋಧ, ಹಾಸ್ಯ, ಶೋಕ, ವೀರ ಮೊದಲಾದ ನಮ್ಮ ಒಂಬತ್ತು ಭಾವಗಳೇ ವಸ್ತುವಾದವು, ಕೊನೆಯದು ಶಾಂತ. ಆದರೆ ಈ ಭಾವಗಳ ಅನುಕ್ರಮವನ್ನು ನಿರ್ಧರಿಸಲು ಅವನು ನಾಣ್ಯವನ್ನು ಚಿಮ್ಮಿದನು. ನಮ್ಮ ಲಾಕ್ಷಣಿಕರಿಗೆ ಇದು ಒಪ್ಪಿಗೆಯಾಗುತ್ತಿತ್ತೆಂದು ತೋರುವುದಿಲ್ಲ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ರಸ ಹುಟ್ಟುವುದೆಂಬ ಸಿದ್ಧಾಂತದಲ್ಲಿ ಆಕಸ್ಮಿಕಕ್ಕೆ ಸ್ಥಳವೆಲ್ಲಿ? ಕನ್ನಿಂಗ್‌ಹ್ಯಾಮನು ಭಾರತದಿಂದ ಪಡೆದದ್ದು ರಸಗಳ ಪಟ್ಟಿಯನ್ನು, ರಸನಿಷ್ಪತ್ತಿಯ ಕ್ರಮವನ್ನಲ್ಲ. ಈ ಭೇದವನ್ನು ಮರೆತು ಅವನನ್ನು ಭಾರತೀಯ ಪರಂಪರೆಯ ಅನುಯಾಯಿಯೆಂದು ಕರೆಯುವುದು ಸರಿಯಲ್ಲ. ಅವನ ತಂಡವು 1964ರ ವಿಶ್ವಪ್ರವಾಸದಲ್ಲಿ ಭಾರತಕ್ಕೂ ಬಂದು ಅಹಮದಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ಪ್ರದರ್ಶನಗಳನ್ನಿತ್ತಿತು.

ಮೇಲಿನ ಸಂಗತಿಗಳಿಂದ ಒಂದಂಶವು ಸ್ಪಷ್ಟವಾಗುತ್ತದೆ. ಸಂಗೀತದಿಂದ ನೃತ್ಯವನ್ನು, ಭಾವದಿಂದ ಚಲನೆಯನ್ನು, ಸಂಯೋಜಕನ ಇಚ್ಛೆಯಿಂದ ಹೆಜ್ಜೆಗಳ ಅನುಕ್ರಮವನ್ನು ಆತನು 1950ರ ದಶಕದಲ್ಲಿಯೇ ಬಿಡಿಸಿದ್ದನು. ಉಳಿದಿದ್ದ ಗಂಟು ಒಂದೇ, ಚಲನೆಗೂ ದೇಹಕ್ಕೂ ಇದ್ದದ್ದು.

3. ರಂಗವೇ ವಾದ್ಯವಾದದ್ದು

ವಿದ್ಯುನ್ಮಾನ ಸಾಧನಗಳು ಕನ್ನಿಂಗ್‌ಹ್ಯಾಮನ ರಂಗವನ್ನು ಸಂಪೂರ್ಣವಾಗಿ ಆವರಿಸಿದ್ದು 1965ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಪ್ರದರ್ಶಿತವಾದ ‘ವೇರಿಯೇಷನ್ಸ್ ಫೈವ್’ ಎಂಬ ಕೃತಿಯಲ್ಲಿ. ರಾಬರ್ಟ್ ಮೂಗ್ ನಿರ್ಮಿಸಿದ ಆಂಟೆನಾಗಳನ್ನು ರಂಗದ ಮೇಲೆ ಅಲ್ಲಲ್ಲಿ ಕಂಬಗಳಂತೆ ನಿಲ್ಲಿಸಲಾಗಿತ್ತು. ಬೆಲ್ ಪ್ರಯೋಗಾಲಯದ ಎಂಜಿನಿಯರುಗಳ ನೆರವಿನಿಂದ ಬೆಳಕನ್ನು ಗ್ರಹಿಸುವ ದ್ಯುತಿಕೋಶಗಳನ್ನೂ ಅಳವಡಿಸಲಾಗಿತ್ತು. ನರ್ತಕನು ಒಂದು ಕಂಬದ ಬಳಿಗೆ ಬಂದರೆ ಅಥವಾ ಬೆಳಕಿನ ರೇಖೆಯನ್ನು ಅಡ್ಡಗಟ್ಟಿದರೆ ಅದರಿಂದ ಒಂದು ಸಂಕೇತ ಹೊರಟು ಧ್ವನಿಯನ್ನು ಎಬ್ಬಿಸುತ್ತಿತ್ತು. ಹಿಂದಿನ ತೆರೆಯ ಮೇಲೆ ಸ್ಟ್ಯಾನ್ ವ್ಯಾಂಡರ್‌ಬೀಕನ ಚಲನಚಿತ್ರಗಳೂ ನಾಮ್ ಜೂನ್ ಪೈಕನ ದೂರದರ್ಶನಬಿಂಬಗಳೂ ಓಡುತ್ತಿದ್ದವು. ಕೊನೆಯಲ್ಲಿ ಕನ್ನಿಂಗ್‌ಹ್ಯಾಮನು ಬೈಸಿಕಲ್ಲನ್ನೇರಿ ಕಂಬಗಳ ನಡುವೆ ಸುತ್ತಿದನು.

ನರ್ತಕರೇ ಸಂಗೀತವನ್ನು ನುಡಿಸಿದರೆಂದು ಇದನ್ನು ವರ್ಣಿಸುವುದುಂಟು. ವಾಸ್ತವದಲ್ಲಿ ವ್ಯವಸ್ಥೆಯು ಅಷ್ಟು ಸರಳವಾಗಿರಲಿಲ್ಲ. ನರ್ತಕರು ಎಬ್ಬಿಸಿದ ಸಂಕೇತಗಳು ಕೇಜ್, ಡೇವಿಡ್ ಟ್ಯೂಡರ್, ಗಾರ್ಡನ್ ಮಮ್ಮ ಇವರ ಮೇಜಿಗೆ ಬಂದು ಸೇರುತ್ತಿದ್ದವು. ಯಾವ ಧ್ವನಿ ಸಭೆಗೆ ಕೇಳಿಸಬೇಕು, ಎಷ್ಟು ಹೊತ್ತು ಕೇಳಿಸಬೇಕು ಎಂಬುದು ಅವರ ಕೈಯಲ್ಲಿತ್ತು. ಎಂದರೆ ದೇಹವು ಯಂತ್ರಕ್ಕೆ ವಾರ್ತೆಯನ್ನು ಕೊಟ್ಟಿತು; ಅದರ ಅರ್ಥವನ್ನು ಬೇರೆಯವರು ಮಾಡಿದರು. ಮುಂದೆ ನೃತ್ಯರಂಗಕ್ಕೆ ಬಂದ ಅಂಕೀಯ ಸಾಧನಗಳನ್ನು ಅರಿಯುವುದಕ್ಕೆ ಈ ಸೂಕ್ಷ್ಮವು ಕೀಲಿಕೈಯಂತಿದೆ.

4. ತೆರೆಯ ಮೇಲಿನ ಮನುಷ್ಯಾಕೃತಿ

1989ರ ಸುಮಾರಿನಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಕನ್ನಿಂಗ್‌ಹ್ಯಾಮನು ಗಣಕಯಂತ್ರದ ಮುಂದೆ ಕುಳಿತನು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಕ್ಯಾಲ್ವರ್ಟ್ ಮತ್ತು ಅವನ ಸಹೋದ್ಯೋಗಿಗಳು ‘ಲೈಫ್ ಫಾರ್ಮ್ಸ್’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದ್ದರು. ತೆರೆಯ ಮೇಲೆ ಮನುಷ್ಯಾಕೃತಿಯೊಂದು ಕಾಣಿಸುತ್ತದೆ. ಅದರ ಮೊಣಕಾಲು, ಸೊಂಟ, ಭುಜ, ಮಣಿಕಟ್ಟುಗಳನ್ನು ಒಂದೊಂದಾಗಿ ಬೇಕಾದ ಕೋನಕ್ಕೆ ತಿರುಗಿಸಿ ಭಂಗಿಯನ್ನು ರಚಿಸಬಹುದು. ಭಂಗಿಗಳನ್ನು ಕಾಲರೇಖೆಯ ಮೇಲೆ ಜೋಡಿಸಬಹುದು. ಒಂದರಿಂದ ಇನ್ನೊಂದಕ್ಕೆ ಹೋಗುವ ಚಲನೆಯನ್ನು ಯಂತ್ರವೇ ತುಂಬಿ ತೋರಿಸುತ್ತದೆ. ಸಂಧಿವಾತದಿಂದ ಬಾಧಿತನಾಗಿ ತನ್ನ ದೇಹದಲ್ಲಿಯೇ ಹೆಜ್ಜೆಗಳನ್ನು ಮಾಡಿ ತೋರಿಸುವುದು ಕಷ್ಟವಾಗಿದ್ದ ವೃದ್ಧನಿಗೆ ಇದು ಎರಡನೆಯ ದೇಹವಾಯಿತೆಂದರೆ ತಪ್ಪಾಗಲಾರದು.

1991ರ ‘ಟ್ರ್ಯಾಕರ್ಸ್’ ಈ ವಿಧಾನದಿಂದ ಹುಟ್ಟಿದ ಮೊದಲ ಕೃತಿ. ಅದರಲ್ಲಿ ಕನ್ನಿಂಗ್‌ಹ್ಯಾಮನು ಅಭ್ಯಾಸದ ಕಂಬಿಯೊಂದನ್ನು ಊರೆಯಾಗಿ ಹಿಡಿದು ತಾನೂ ರಂಗದ ಮೇಲೆ ಬಂದನು. ತೆರೆಯ ಮೇಲಿನ ಆಕೃತಿಗೆ ಭಾರವಿಲ್ಲ, ಆಯಾಸವಿಲ್ಲ, ಬೀಳುವ ಭಯವಿಲ್ಲ. ಕಾಲುಗಳ ಗತಿ ಒಂದು, ಮುಂಡದ ಗತಿ ಒಂದು, ತೋಳುಗಳ ಗತಿ ಮತ್ತೊಂದು ಎಂದು ಬೇರೆಬೇರೆಯಾಗಿ ರಚಿಸಿ ಒಂದರ ಮೇಲೊಂದನ್ನು ಹೇರಿದಾಗ ಅದು ಸುಲಭವಾಗಿ ತಾಳಿಕೊಳ್ಳುತ್ತದೆ. ನರ್ತಕರಿಗಾದರೋ ಇದು ಕಠಿಣವಾದ ಸಾಧನೆ. ಮೊದಲು ಕಾಲುಗಳ ಚಲನೆಯನ್ನು ಕಲಿತು, ಅದರ ಮೇಲೆ ಮುಂಡದ ಬಾಗನ್ನು, ಅನಂತರ ತೋಳುಗಳ ನಿಲುವನ್ನು ಸೇರಿಸುತ್ತ ಅಪರಿಚಿತವಾದ ಸಮತೋಲವನ್ನು ಅವರು ಕಂಡುಕೊಳ್ಳಬೇಕಾಗಿತ್ತು. ಯಂತ್ರವು ನರ್ತಕನನ್ನು ನಿರುದ್ಯೋಗಿಯನ್ನಾಗಿ ಮಾಡೀತೆಂಬ ಶಂಕೆಗೆ ಇಲ್ಲಿ ಸಮಾಧಾನವಿದೆ. ಈ ಘಟ್ಟದಲ್ಲಿ ಯಂತ್ರವು ಪ್ರಶ್ನೆಯನ್ನು ಮಾತ್ರ ಕೇಳಿತು. ಉತ್ತರವನ್ನು ದೇಹವೇ ಕೊಡಬೇಕಾಯಿತು.

5. ‘ಬೈಪೆಡ್’

ಚಲನೆಗೂ ದೇಹಕ್ಕೂ ಇದ್ದ ಗಂಟನ್ನು ಪೂರ್ಣವಾಗಿ ಬಿಡಿಸಿದ ಸಾಧನವೆಂದರೆ ಮೋಷನ್ ಕ್ಯಾಪ್ಚರ್. ಇದನ್ನು ನಾವು ಚಲನಗ್ರಹಣವೆಂದು ಕರೆಯುತ್ತಿದ್ದೇವೆ. ನರ್ತಕನ ಕೀಲುಗಳ ಮೇಲೆ ಬೆಳಕನ್ನು ಪ್ರತಿಫಲಿಸುವ ಸಣ್ಣ ಗುಂಡುಗಳನ್ನು ಅಂಟಿಸಿ, ಸುತ್ತಲೂ ಕ್ಯಾಮೆರಾಗಳನ್ನಿಟ್ಟು, ಪ್ರತಿಕ್ಷಣವೂ ಆ ಗುಂಡುಗಳು ಇರುವ ಸ್ಥಾನವನ್ನು ಗಣಕಯಂತ್ರಕ್ಕೆ ತಿಳಿಸಲಾಗುತ್ತದೆ. ಕ್ಯಾಮೆರಾ ಗ್ರಹಿಸುವುದು ಮುಖವನ್ನಲ್ಲ, ಮೈಯನ್ನಲ್ಲ. ಶೂನ್ಯದಲ್ಲಿ ಚಲಿಸುವ ಬಿಂದುಗಳನ್ನು ಮಾತ್ರ. ಮರೇಯ ಕಪ್ಪು ಉಡುಪಿನ ಮೇಲಿನ ಬಿಳಿಯ ಪಟ್ಟಿಗಳು ಇಲ್ಲಿ ಅಂಕಿಗಳಾದವು.

ಪಾಲ್ ಕೈಸರ್ ಮತ್ತು ಶೆಲ್ಲಿ ಎಶ್ಕರ್ ಎಂಬ ಅಂಕೀಯ ಕಲಾವಿದರು ಕನ್ನಿಂಗ್‌ಹ್ಯಾಮನೊಡನೆ ಸೇರಿ ಮೊದಲು 1998ರಲ್ಲಿ ‘ಹ್ಯಾಂಡ್ ಡ್ರಾನ್ ಸ್ಪೇಸಸ್’ ಎಂಬ ಕೃತಿಯನ್ನು ನಿರ್ಮಿಸಿದರು. ಅದರಲ್ಲಿ ಜೀವಂತ ನರ್ತಕರೇ ಇರಲಿಲ್ಲ. ಗ್ರಹಿಸಿದ ಚಲನೆಗಳು ಕೈಯಿಂದ ಬಿಡಿಸಿದಂಥ ರೇಖಾಕೃತಿಗಳಾಗಿ ಮೂರು ತೆರೆಗಳ ಮೇಲೆ ಓಡಾಡಿದವು. ಮರುವರ್ಷ, ಎಂದರೆ 1999ರ ಏಪ್ರಿಲ್ 23ರಂದು, ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಜೆಲ್ಲರ್‌ಬಾಕ್ ಸಭಾಂಗಣದಲ್ಲಿ ‘ಬೈಪೆಡ್’ ಪ್ರದರ್ಶಿತವಾಯಿತು. ದ್ವಿಪಾದಿಯೆಂದು ಅರ್ಥವಾಗುವ ಈ ಹೆಸರು ಬಂದದ್ದು ಆಕೃತಿಗಳನ್ನು ನಡೆಸಲು ಬಳಸಿದ ತಂತ್ರಾಂಶದಿಂದ. ಸಂಗೀತ ಗ್ಯಾವಿನ್ ಬ್ರಯರ್ಸನದು. ಪ್ರದರ್ಶನದ ಅವಧಿ ಸುಮಾರು 45 ನಿಮಿಷ.

ರಂಗದ ಮುಂಭಾಗವನ್ನು ಪಾರದರ್ಶಕವಾದ ತೆಳುಪರದೆಯೊಂದು ಮುಚ್ಚಿತ್ತು. ನರ್ತಕರು ಅದರ ಹಿಂದೆ ಕುಣಿದರು. ಅಂಕೀಯ ಆಕೃತಿಗಳು ಅದರ ಮೇಲೆಯೇ ಮೂಡಿದವು. ಪರದೆಯ ಅಸ್ತಿತ್ವವು ಕಣ್ಣಿಗೆ ತೋರದಿದ್ದುದರಿಂದ ರೇಖೆಗಳೂ ಬಿಂದುಗಳೂ ನರ್ತಕರ ನಡುವಣ ಗಾಳಿಯಲ್ಲಿ ತೇಲುತ್ತಿರುವಂತೆ ಕಂಡವು. ಕೆಲವೊಮ್ಮೆ ಆಕೃತಿಯು ರಂಗದಷ್ಟೇ ಎತ್ತರವಾಗಿ ಬೆಳೆದು ನರ್ತಕರನ್ನು ದಾಟಿ ನಡೆಯಿತು. ಕೆಲವೊಮ್ಮೆ ನೆಟ್ಟನೆಯ ಗೆರೆಗಳಾಗಿ ಚದುರಿಹೋಯಿತು. ಲೋಹದಂತೆ ಹೊಳೆಯುವ ಉಡುಪನ್ನು ತೊಟ್ಟ ನರ್ತಕರು ಹಿಂದಿನ ಕಪ್ಪು ಮರೆಗಳಿಂದ ತಟ್ಟನೆ ಹೊರಬಂದು ಹಾಗೆಯೇ ತಟ್ಟನೆ ಮರೆಯಾದರು. ಯಾರು ಜೀವಂತ, ಯಾರು ಛಾಯೆ ಎಂಬ ಭೇದವು ಕ್ಷಣಕಾಲ ಅಳಿಸಿಹೋಗುವಂತೆ ರಂಗವ್ಯವಸ್ಥೆಯಿತ್ತು. ಆದರೂ ಭೇದ ಸಂಪೂರ್ಣವಾಗಿ ಅಳಿಯಲಿಲ್ಲ. ಅಂಕೀಯ ಆಕೃತಿಗೆ ಆಯಾಸವೆಂಬುದಿಲ್ಲ. ನರ್ತಕನ ಎದೆಯಲ್ಲಾದರೋ ಏದುಸಿರು ಕಾಣುತ್ತದೆ. ‘ಬೈಪೆಡ್’ ಕೃತಿಯ ಗಾಂಭೀರ್ಯವು ಈ ಎರಡನ್ನು ಒಂದುಗೂಡಿಸಿದ್ದರಲ್ಲಿಲ್ಲ, ಪಕ್ಕಪಕ್ಕದಲ್ಲಿಟ್ಟು ತೋರಿಸಿದ್ದರಲ್ಲಿದೆ ಎಂದು ನಾವು ಭಾವಿಸುತ್ತೇವೆ.

ಪ್ರೇಕ್ಷಕನನ್ನು ಪೀಠದಿಂದೆಬ್ಬಿಸಿ ಅಂಕೀಯ ಆವರಣದೊಳಕ್ಕೇ ಕರೆದೊಯ್ಯುವ ಪ್ರಯೋಗಗಳು ಮುಂದಿನ ತಲೆಮಾರಿನವು. ಜಿನೀವಾದ ನೃತ್ಯಸಂಯೋಜಕ ಜಿಲ್ ಜೊಬಿನ್ 2017ರಲ್ಲಿ ರಚಿಸಿದ ‘ವಿ.ಆರ್._ಐ’ ಎಂಬ ಕೃತಿಯಲ್ಲಿ ಏಕಕಾಲದಲ್ಲಿ ಐವರು ಪ್ರೇಕ್ಷಕರು ಕಣ್ಣನ್ನು ಮುಚ್ಚುವ ಶಿರಸ್ತ್ರಾಣವನ್ನು ಧರಿಸಿ, ಕಲ್ಪಿತ ಭೂದೃಶ್ಯದೊಳಗೆ ನಡೆದಾಡುತ್ತ ನರ್ತಕರ ಆಕೃತಿಗಳನ್ನು ನೋಡಿದರು. ಇಲ್ಲಿಯೂ ಮೂಲಸಾಮಗ್ರಿಯು ದೇಹದಿಂದ ಬಿಡಿಸಿ ತೆಗೆದ ಚಲನೆಯೇ ಆದ್ದರಿಂದ ‘ಬೈಪೆಡ್’ ಎತ್ತಿದ ಪ್ರಶ್ನೆ ಇದಕ್ಕೂ ಅನ್ವಯಿಸುತ್ತದೆ.

6. ಬೇರ್ಪಟ್ಟ ಚಲನೆಯ ಸ್ವಾಮ್ಯ

ಆ ಪ್ರಶ್ನೆಯೆಂದರೆ, ದೇಹದಿಂದ ಬಿಡಿಸಿ ತೆಗೆದ ಚಲನೆ ಯಾರ ಸೊತ್ತು? ಫುಲರಳಿಗೆ 1892ರಲ್ಲಿ ದೊರೆಯದ ರಕ್ಷಣೆಯು ಅಮೆರಿಕದಲ್ಲಿ ನೃತ್ಯಸಂಯೋಜನೆಗೆ ಸ್ಪಷ್ಟವಾಗಿ ದೊರೆತದ್ದು 1976ರ ಕಾನೂನಿನಿಂದ. ಭಾರತದಲ್ಲಿ 1957ರ ಕೃತಿಸ್ವಾಮ್ಯ ಅಧಿನಿಯಮವು ನೃತ್ಯಸಂಯೋಜನೆಯನ್ನು ನಾಟಕಕೃತಿಗಳ ವರ್ಗದಲ್ಲಿ ಸೇರಿಸಿದೆ. ಎರಡು ಕಡೆಯೂ ಒಂದು ನಿಬಂಧನೆಯುಂಟು: ಕೃತಿಯು ಬರವಣಿಗೆಯಲ್ಲಿ ಅಥವಾ ಬೇರೆ ಯಾವುದಾದರೂ ರೀತಿಯಲ್ಲಿ ಸ್ಥಿರರೂಪವನ್ನು ಪಡೆದಿರಬೇಕು. ಎಂದರೆ ಕಾನೂನಿನ ದೃಷ್ಟಿಯಲ್ಲಿ ದಾಖಲೆಯಾಗದ ನೃತ್ಯಕ್ಕೆ ಒಡೆಯನಿಲ್ಲ. ದಾಖಲೆಯ ಪ್ರಶ್ನೆಯು ಇತಿಹಾಸಕಾರನಿಗೆ ಮಾತ್ರವಲ್ಲದೆ ಕಲಾವಿದನ ಜೀವನೋಪಾಯಕ್ಕೂ ಸಂಬಂಧಿಸಿದ್ದೆಂಬುದು ಇದರಿಂದ ವಿದಿತವಾಗುತ್ತದೆ.

ಒಡೆತನವು ಅನಿಶ್ಚಿತವಾದರೆ ಏನಾಗುವುದೆಂಬುದಕ್ಕೆ ಕನ್ನಿಂಗ್‌ಹ್ಯಾಮನ ಕಣ್ಣಮುಂದೆಯೇ ಒಂದು ನಿದರ್ಶನವಿತ್ತು. ಅವನ ಹಿಂದಿನ ನಾಯಕಿಯಾದ ಮಾರ್ಥಾ ಗ್ರಹಾಂ 1991ರಲ್ಲಿ ತೀರಿಕೊಂಡ ಬಳಿಕ ಆಕೆಯ ಕೃತಿಗಳಿಗಾಗಿ ವ್ಯಾಜ್ಯವೆದ್ದಿತು. ಗ್ರಹಾಂ ತಾನೇ ಕಟ್ಟಿದ ಸಂಸ್ಥೆಯ ಉದ್ಯೋಗಿಯಾಗಿ ಅನೇಕ ನೃತ್ಯಗಳನ್ನು ರಚಿಸಿದ್ದಳಾದ್ದರಿಂದ ಅವು ಸಂಸ್ಥೆಗೇ ಸೇರತಕ್ಕವೆಂದು 2002ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು.

ಕನ್ನಿಂಗ್‌ಹ್ಯಾಮನು ತನ್ನ ಕೃತಿಗಳ ಹಕ್ಕುಗಳನ್ನು ಕಾಪಾಡಲು ಒಂದು ನ್ಯಾಸವನ್ನು ಸ್ಥಾಪಿಸಿದನು. ಇದರ ಜೊತೆಗೆ ಇನ್ನೊಂದು ದಿಕ್ಕಿನಲ್ಲಿಯೂ ಹೆಜ್ಜೆಯಿಟ್ಟನು. 1971ರಲ್ಲಿ ತನಗಾಗಿಯೇ ರಚಿಸಿಕೊಂಡಿದ್ದ ‘ಲೂಪ್ಸ್’ ಎಂಬ ಏಕವ್ಯಕ್ತಿನೃತ್ಯವು ಬೇರೆ ಯಾವ ನರ್ತಕನಿಗೂ ಹೋಗಿರಲಿಲ್ಲ. ಅದರ ಕೈಬೆರಳುಗಳ ಚಲನೆಯನ್ನು ಗ್ರಹಿಸಿ, ಕೈಸರ್, ಎಶ್ಕರ್ ಮತ್ತು ಮಾರ್ಕ್ ಡೌನಿ 2001ರಲ್ಲಿ ಅದೇ ಹೆಸರಿನ ಅಂಕೀಯ ಕೃತಿಯನ್ನು ರಚಿಸಿದರು. ಅದರಲ್ಲಿ ಬೆರಳುಗಳ ಬಿಂದುಗಳು ರೇಖೆಗಳಾಗಿ ಹೆಣೆದುಕೊಳ್ಳುತ್ತವೆ. 1937ರಲ್ಲಿ ಮೊದಲ ಬಾರಿಗೆ ನ್ಯೂಯಾರ್ಕಿಗೆ ಹೋದಾಗ ಬರೆದಿಟ್ಟ ದಿನಚರಿಯನ್ನು ವೃದ್ಧ ಕನ್ನಿಂಗ್‌ಹ್ಯಾಮನು ಓದುವ ದನಿ ಕೇಳಿಸುತ್ತದೆ. 2008ರಲ್ಲಿ ಈ ಚಲನೆಯ ಅಂಕಿಅಂಶಗಳನ್ನೂ ತಂತ್ರಾಂಶವನ್ನೂ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟುಕೊಡಲಾಯಿತು. ಫುಲರ್ ತನ್ನ ನೃತ್ಯವನ್ನು ಇತರರಿಂದ ಕಾಪಾಡಿಕೊಳ್ಳಲು ಹೆಣಗಿದಳು. ನೂರು ವರ್ಷಗಳ ಮೇಲೆ ಕನ್ನಿಂಗ್‌ಹ್ಯಾಮನು ತನ್ನ ಅತ್ಯಂತ ಖಾಸಗಿಯಾದ ನೃತ್ಯವನ್ನು ಎಲ್ಲರಿಗೂ ತೆರೆದಿಟ್ಟನು.

7. ಉಪಸಂಹಾರ

ಕನ್ನಿಂಗ್‌ಹ್ಯಾಮನು 2009ರ ಜುಲೈ 26ರಂದು ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದಕ್ಕೆ ಸ್ವಲ್ಪ ಮೊದಲು ಪ್ರಕಟವಾದ ಯೋಜನೆಯಂತೆ ತಂಡವು ಎರಡು ವರ್ಷಗಳ ಕೊನೆಯ ಪ್ರವಾಸವನ್ನು ಕೈಗೊಂಡು, 2011ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ಕೊನೆಯ ಪ್ರದರ್ಶನವನ್ನು ನೀಡಿ ವಿಸರ್ಜಿತವಾಯಿತು. ಎಂಬತ್ತಕ್ಕೂ ಹೆಚ್ಚು ಕೃತಿಗಳಿಗೆ ಸಂಬಂಧಿಸಿದ ದೃಶ್ಯದಾಖಲೆ, ಟಿಪ್ಪಣಿ, ಸಂಗೀತ, ಬೆಳಕಿನ ನಕ್ಷೆ, ಉಡುಪಿನ ವಿವರ ಇವೆಲ್ಲವನ್ನೂ ‘ಡ್ಯಾನ್ಸ್ ಕ್ಯಾಪ್ಸೂಲ್ಸ್’ ಎಂಬ ಅಂಕೀಯ ಸಂಪುಟಗಳಲ್ಲಿ ನ್ಯಾಸವು ಕೂಡಿಸಿಟ್ಟಿತು. ನೃತ್ಯದ ಇತಿಹಾಸವನ್ನು ಬರೆಯುವವನಿಗೆ ಇಷ್ಟು ಸಮೃದ್ಧವಾದ ಆಕರಸಾಮಗ್ರಿಯು ಹಿಂದೆ ಎಂದೂ ದೊರೆತಿರಲಿಲ್ಲ.

ಹಾಗಾದರೆ ನೃತ್ಯವು ಸಂಪುಟದಲ್ಲಿ ಉಳಿಯಿತೇ? ಇದಕ್ಕೆ ಉತ್ತರವನ್ನು ಆತನ ಜನ್ಮಶತಾಬ್ದಿಯ ಆಚರಣೆಯಲ್ಲಿ ಹುಡುಕಬಹುದು. 2019ರ ಏಪ್ರಿಲ್ 16ರಂದು ಲಂಡನ್, ನ್ಯೂಯಾರ್ಕ್, ಲಾಸ್ ಏಂಜಲಿಸ್ ಈ ಮೂರು ನಗರಗಳಲ್ಲಿ, ಪ್ರತಿಯೊಂದರಲ್ಲಿಯೂ 25 ಮಂದಿ ನರ್ತಕರು ಅವನ ಕೃತಿಗಳಿಂದ ಆಯ್ದ ನೂರು ಏಕವ್ಯಕ್ತಿನೃತ್ಯಗಳನ್ನು ಪ್ರದರ್ಶಿಸಿದರು. ರಂಗದ ಮೇಲೆ ಬಂದವರು ಹಳೆಯ ತಂಡದವರಲ್ಲ. ಹಳೆಯ ತಂಡದವರು ಕಲಿಸುವ ಸ್ಥಾನದಲ್ಲಿದ್ದರು. ದೃಶ್ಯದಾಖಲೆ ಕೈಯಲ್ಲಿದ್ದರೂ, ಭಾರವನ್ನು ಯಾವ ಪಾದಕ್ಕೆ ಯಾವಾಗ ಕೊಡಬೇಕೆಂಬುದನ್ನು ಹೇಳಲು ಒಮ್ಮೆ ಅದನ್ನು ಕುಣಿದಿದ್ದವರೇ ಬೇಕಾಯಿತು. ನಮ್ಮ ದೇಶದ ಗುರುಶಿಷ್ಯ ಪರಂಪರೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಆದಕಾರಣ ಯಂತ್ರವನ್ನು ನೃತ್ಯದ ಶತ್ರುವೆಂದು ಭಾವಿಸುವುದೂ, ಅದನ್ನು ನೃತ್ಯದ ಅಮೃತವೆಂದು ಕೊಂಡಾಡುವುದೂ ಸಮನಾಗಿ ನಿರಾಧಾರವಾದುವು. ಚಲನೆಯನ್ನು ಗ್ರಹಿಸಿಡುವ ಸಾಧನಗಳು ಇಂದು ನಮ್ಮ ವಿಶ್ವವಿದ್ಯಾನಿಲಯಗಳ ಕೈಗೆಟುಕದಷ್ಟು ದೂರದಲ್ಲಿಲ್ಲ. ಯಕ್ಷಗಾನದ ಹಿರಿಯ ವೇಷಧಾರಿಯ ಹೆಜ್ಜೆಯನ್ನಾಗಲಿ, ವೀರಗಾಸೆಯ ಕುಣಿತವನ್ನಾಗಲಿ ದಾಖಲಿಸಲು ಹೊರಡುವವರು ಕನ್ನಿಂಗ್‌ಹ್ಯಾಮನ ನಿದರ್ಶನದಿಂದ ಎರಡು ಪಾಠಗಳನ್ನು ಕಲಿಯಬಹುದು. ದಾಖಲೆಯಾದ ಚಲನೆಯ ಒಡೆಯನು ಯಾರೆಂಬುದನ್ನು ಕ್ಯಾಮೆರಾವನ್ನು ತೆರೆಯುವುದಕ್ಕೆ ಮೊದಲೇ ಕಲಾವಿದನೊಡನೆ ನಿಶ್ಚಯಿಸಿಕೊಳ್ಳತಕ್ಕದ್ದು, ಇದು ಮೊದಲನೆಯದು. ದಾಖಲೆ ಮುಗಿದ ದಿನ ಕೆಲಸವೂ ಮುಗಿಯಿತೆಂದು ಭಾವಿಸದೆ, ಆ ಚಲನೆಯನ್ನು ಹೊತ್ತು ನಡೆಯುವ ಎಳೆಯರೊಬ್ಬರನ್ನಾದರೂ ಅದೇ ಕಲಾವಿದನ ಬಳಿಯಲ್ಲಿ ಸಿದ್ಧಪಡಿಸತಕ್ಕದ್ದು, ಇದು ಎರಡನೆಯದು. ಮೊದಲನೆಯದನ್ನು ಒಪ್ಪಂದಪತ್ರದಿಂದ ಪೂರೈಸಬಹುದು. ಎರಡನೆಯದಕ್ಕೆ ವರ್ಷಗಳ ಅಭ್ಯಾಸ ಬೇಕು.